ನೂಲಿನ ವ್ಯಾಪಾರಿಯ ನಾಯಿ

"ಗುರುಗಳೇ, ನಾಯಿ ಕಚ್ಚಿದರೆ ಅದು ತಳಿಯ ತಪ್ಪೋ, ಸಾಕಿದವನ ತಪ್ಪೋ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಹೀಗೆ ಕೇಳಲು ಕಾರಣವಿತ್ತು. ಮಠದ ಕೆಳಗಿನ ಊರಿನಲ್ಲಿ ಶ್ರೀಮಂತನೊಬ್ಬನ ದೊಡ್ಡ ನಾಯಿ ಬೀದಿಗೆ ಬಂದು, ಹಾಲು ಹಾಕುವ ಹೆಂಗಸಿನ ತೊಡೆಯನ್ನು ಕಚ್ಚಿ ಹರಿದಿತ್ತು. ಆಕೆ ಆಸ್ಪತ್ರೆಯಲ್ಲಿದ್ದಳು, ನಾಯಿ ಮನೆಯಲ್ಲೇ ಇತ್ತು. ಅಂಥ ತಳಿಯ ನಾಯಿ ಊರಲ್ಲೇ ಇರಕೂಡದು ಎಂದು ಅರ್ಧ ಊರು ಹೇಳುತ್ತಿತ್ತು. ನಾಯಿಯದೇನು ತಪ್ಪು, ಸಾಕುವವರಿಗೆ ಬುದ್ಧಿ ಹೇಳಿ ಎಂದು ಇನ್ನರ್ಧ ಊರು. ಅಂದು ಸಂಜೆ ಸಭೆ. ನ್ಯಾಯ ಹೇಳಲು ಮಠದಿಂದ ಮುರಿಗೆಯ್ಯ ಹೋಗಬೇಕಿತ್ತು. ಅವನು ಬೆಳಗ್ಗೆಯೇ ಊರೆಲ್ಲ ಸುತ್ತಿ ಎರಡೂ ಕಡೆಯವರ ಮಾತು ಕೇಳಿಕೊಂಡು ಬಂದಿದ್ದ. ಯಾರಿಗೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೂ ಇದ್ದ. ಗುರುಗಳ ಬಾಯಿಂದ ಒಂದು ಮಾತು ಬಂದರೆ ಅವನ ಭಾಷಣಕ್ಕೆ ಕಳೆ ಬರುತ್ತಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಓಣಿ ಇತ್ತು. ಓಣಿಯ ನಡುವೆ ಒಬ್ಬ ನೂಲಿನ ವ್ಯಾಪಾರಿಯ ಮನೆ. ಮನೆ ತುಂಬ ನೂಲಿನ ಮೂಟೆ, ಎದೆ ತುಂಬ ಕಳ್ಳರ ಭಯ. ಅವನು ದೂರದ ಊರಿನಿಂದ ಒಂದು ನಾಯಿ ತರಿಸಿದ. ಕಾಡುಹಂದಿಯನ್ನು ಹಿಡಿದು ನಿಲ್ಲಿಸುವುದಕ್ಕೆಂದೇ ಬೆಳೆಸಿದ ತಳಿ. ಅಗಲ ದವಡೆ, ಗಿಡ್ಡ ಕುತ್ತಿಗೆ. ಹಗಲೆಲ್ಲ ಅದು ಸರಪಳಿಯಲ್ಲಿರುತ್ತಿತ್ತು. ರಾತ್ರಿ ಅಂಗಳದಲ್ಲಿ ಬಿಡುತ್ತಿದ್ದರು, ಹೊತ್ತೇರಿದ ಮೇಲೆ ಮತ್ತೆ ಕಟ್ಟುತ್ತಿದ್ದರು. ಅಂಗಳಕ್ಕೊಂದು ಹೊರಬಾಗಿಲು, ಬಾಗಿಲಿಗೊಂದು ಮರದ ಅಗುಳಿ. ಅಗುಳಿ ಸವೆದುಹೋಗಿತ್ತು. ಬಾಗಿಲು ಅಲುಗಾಡಿದರೆ ಸಾಕು, ತಾನಾಗಿ ಜಾರುತ್ತಿತ್ತು. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಒಂದು ದಿನ ಬೆಳಗ್ಗೆ, ಇನ್ನೂ ಕಟ್ಟುವ ಮೊದಲೇ, ನಾಯಿ ಆ ಬಾಗಿಲಿನಿಂದ ಹೊರಗೆ ಬಂತು. ಬಳೆ ಮಾರಲು ಬಂದಿದ್ದ ಮುದುಕನ ಮೀನಖಂಡಕ್ಕೆ ಬಾಯಿ ಹಾಕಿತು. ಬಿಡಿಸುವಷ್ಟರಲ್ಲಿ ಮೂಳೆ ಕಾಣುತ್ತಿತ್ತು. ಮುದುಕ ಬದುಕಿಕೊಂಡ, ಆದರೆ ಮತ್ತೆ ಬಳೆಯ ಮಲಾರ ಹೊತ್ತು ತಿರುಗಲಿಲ್ಲ.

ಓಣಿಯವರು ಪಂಚಾಯಿತಿ ಸೇರಿದರು. ನೇಕಾರರ ಹಿರಿಯ ಎದ್ದು, ಇದು ರಕ್ತದಲ್ಲೇ ಬಂದ ಗುಣ, ಹಂದಿ ಹಿಡಿಯುವ ನಾಯಿ ಮನುಷ್ಯರನ್ನೂ ಹಿಡಿಯುತ್ತದೆ, ಇಂಥ ತಳಿಯೇ ಊರಲ್ಲಿ ಬೇಡ ಎಂದ. ವ್ಯಾಪಾರಿ ಒಪ್ಪಲಿಲ್ಲ. ಇದರ ಒಡಹುಟ್ಟಿದ ನಾಯಿ ನನ್ನ ಭಾವಮೈದುನನ ಮನೆಯಲ್ಲಿದೆ, ಮಕ್ಕಳು ಅದರ ಬೆನ್ನ ಮೇಲೆ ಹತ್ತಿ ಆಡುತ್ತವೆ, ನಿಮ್ಮ ಓಣಿಯ ಹುಡುಗರು ಕಲ್ಲು ಹೊಡೆದು ನನ್ನ ನಾಯಿಯನ್ನು ಕೆಡಿಸಿದರು ಎಂದ. ಮತ್ತೊಬ್ಬ ಎದ್ದು, ಹಗಲೆಲ್ಲ ಕಟ್ಟಿಹಾಕಿದರೆ ಮನುಷ್ಯನಿಗೂ ತಲೆ ಕೆಡುತ್ತದೆ ಎಂದ.

ಮುರಿಗೆಯ್ಯ, ಆ ಸಭೆಯಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇರಲಿಲ್ಲ. ಆ ದವಡೆ ಕಚ್ಚಿದರೆ ಬೀದಿಯ ಬಡಕಲು ನಾಯಿ ಕಚ್ಚಿದ ಹಾಗಲ್ಲ, ಅದು ನಿಜ. ಕಟ್ಟಿ, ಕೆಣಕಿ, ಒಂಟಿಯಾಗಿ ಬೆಳೆಸಿದರೆ ಎಂಥ ನಾಯಿಯೂ ಕೆಡುತ್ತದೆ, ಅದೂ ನಿಜ. ಎಲ್ಲರ ಕೈಯಲ್ಲೂ ಒಂದೊಂದು ನಿಜ ಇತ್ತು. ಆ ಸಭೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು.

ತೀರ್ಮಾನ ಆಗಲಿಲ್ಲ. ಬೇಟೆಗಾರರ ಹಳ್ಳಿಯಿಂದ ನಾಯಿಯ ಗುಣ ಬಲ್ಲವನೊಬ್ಬನನ್ನು ಕರೆಸುವುದು, ಅವನು ನೋಡಿ ಹೇಳಿದಂತೆ ನಡೆಯುವುದು ಎಂದು ಎದ್ದರು. ಅವನು ಬರುವುದು ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಓಣಿಯಲ್ಲಿ ವಾದವೂ ನಡೆದೇ ಇತ್ತು. ಮಗ್ಗದ ಮುಂದೆ ಅದೇ ಮಾತು, ಊಟಕ್ಕೆ ಕೂತರೆ ಅದೇ ಮಾತು.

ಅಗುಳಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಯಾಕೆ ಗೊತ್ತೇ? ವ್ಯಾಪಾರಿಗೆ ಬಡಗಿಯನ್ನು ಕರೆಸುವ ಮನಸ್ಸು ಬಂದಿತ್ತು. ಆದರೆ ಈಗ ಬಾಗಿಲು ಭದ್ರ ಮಾಡಿಸಿದರೆ ನನ್ನ ನಾಯಿ ಕೆಟ್ಟದ್ದು ಎಂದು ನಾನೇ ಒಪ್ಪಿಕೊಂಡ ಹಾಗೆ ಎಂದು ಸುಮ್ಮನಾದ. ಹಿರಿಯನಿಗೂ ಅದೇ ಯೋಚನೆ ಬಂದಿತ್ತು. ಅಗುಳಿ ಸರಿಮಾಡಿಸಪ್ಪಾ ಎಂದು ಕೇಳಿದರೆ, ನಾಯಿ ಇಲ್ಲೇ ಇರಲಿ ಎಂದು ನಾವೇ ಒಪ್ಪಿದ ಹಾಗೆ ಎಂದು ಅವನೂ ಸುಮ್ಮನಾದ. ಇಬ್ಬರೂ ಮಾನವಂತರು. ಸೋಲು ಇಬ್ಬರಿಗೂ ಆಗಿಬರುತ್ತಿರಲಿಲ್ಲ.

ನೇಕಾರರು ಬೆಳಗಿನ ಹೊತ್ತು ಓಣಿಯಲ್ಲೇ ಹಾಸು ಚಾಚುತ್ತಾರೆ. ಸೀರೆಯ ಉದ್ದಕ್ಕೂ ಓಡುವ ನೂಲಿಗೆ ಹಾಸು ಎನ್ನುತ್ತಾರೆ. ಅದನ್ನು ಓಣಿಯುದ್ದಕ್ಕೆ ಎಳೆದು ಹಿಡಿದು, ಎರಡೂ ಬದಿಯಲ್ಲಿ ಜನ ನಿಂತು ಕುಂಚದಿಂದ ಗಂಜಿ ತೀಡಬೇಕು. ಗಂಜಿ ಆರುವವರೆಗೆ ಯಾರೂ ಕೈಬಿಡುವ ಹಾಗಿಲ್ಲ. ಬಿಟ್ಟರೆ ಎಳೆಗೆ ಎಳೆ ಅಂಟಿಕೊಂಡು ಅಷ್ಟೂ ನೂಲು ಹಾಳು. ಹಾಸು ಹಿಡಿದಾಗ ಕೈಬಿಡಬೇಡ ಎಂದು ಅಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸುತ್ತಾರೆ.

ಹಾಗೆ ಒಂದು ಬೆಳಗ್ಗೆ ಹಾಸಿನ ತುದಿಯನ್ನು ಹಿರಿಯನೇ ಹಿಡಿದಿದ್ದ. ಅವನ ಪುಟ್ಟ ಮೊಮ್ಮಗಳು ಹಾಸಿನ ಕೆಳಗೆ ಕೂತು ಕಡಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತಿದ್ದಳು. ಅವಳ ಬೆರಳು ಸಣ್ಣವು, ಕಣ್ಣು ಚುರುಕು. ಆ ಕೆಲಸದಲ್ಲಿ ದೊಡ್ಡವರೂ ಅವಳ ಸಮ ಬರುತ್ತಿರಲಿಲ್ಲ.

ಬಾಗಿಲು ಅಲುಗಾಡಿತು. ಅಗುಳಿ ಜಾರಿತು. ನಾಯಿ ನೇರವಾಗಿ ಹಾಸಿನ ಕೆಳಗೆ ನುಗ್ಗಿತು.

ಮಗು ಕೂಗಿತು. ಸಾಲಿನಲ್ಲಿದ್ದವರೆಲ್ಲ ಕೇಳಿದರು, ನೋಡಿದರು. ಆದರೆ ಹುಟ್ಟಿದಾಗಿನಿಂದ ಕಲಿತ ಕೈಗಳು ಒಂದು ಗಳಿಗೆ ನೂಲನ್ನು ಬಿಡಲಿಲ್ಲ. ಹಿರಿಯನ ಕೈಯೂ ಬಿಡಲಿಲ್ಲ. ಅವರನ್ನು ಬೈಯಬೇಡ, ಆ ಒಂದು ಗಳಿಗೆಗಾಗಿ ಅವರು ಆಮೇಲೆ ಬಹಳ ಅತ್ತಿದ್ದಾರೆ. ಮೊದಲು ಓಡಿಬಂದವನು ವ್ಯಾಪಾರಿ. ತನ್ನ ಮುಂಗೈಯನ್ನೇ ನಾಯಿಯ ಬಾಯಿಗೆ ತುರುಕಿ ಮಗುವನ್ನು ಬಿಡಿಸಿದ.

ಮಗು ಉಳಿಯಿತು. ಬಲಗೈ ಉಳಿಯಲಿಲ್ಲ. ಅಂದರೆ ಕೈ ಇದೆ, ಬೆರಳು ಮಡಚುವುದಿಲ್ಲ. ಅವಳು ಮತ್ತೆ ಎಳೆ ಕಟ್ಟಲಿಲ್ಲ.

ವ್ಯಾಪಾರಿ ಅಂದೇ ನಾಯಿಯನ್ನು ಕೊಲ್ಲಿಸಿದ. ಮರುದಿನ ಬಡಗಿಯನ್ನು ಕರೆಸಿ, ನಾಯಿಯಿಲ್ಲದ ಅಂಗಳದ ಬಾಗಿಲಿಗೆ ಕಬ್ಬಿಣದ ಅಗುಳಿ ಹಾಕಿಸಿದ. ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಹಿರಿಯನ ಮನೆಗೆ ಹೋದ. ಹೊಸ್ತಿಲ ಹೊರಗೇ ನಿಂತು ಹೇಳಿದ:

"ನೀವು ಹೇಳಿದ್ದ ಖರೆ ಆತು, ಯಜಮಾನ್ರ. ತಳಿನ ಸರಿ ಇದ್ದಿದ್ದಿಲ್ಲ. ನಾ ಸೋತೆ."

ಹಿರಿಯ ಮೊಮ್ಮಗಳ ತಲೆ ನೇವರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಗೆದ್ದ ನಾ ಏನ್ ಮಾಡ್ಲಿ, ಸಾವ್ಕಾರ್ರ? ಆ ಅಗುಳಿ ಸಡ್ಲ ಐತಿ ಅಂತ ನನಗೂ ಗೊತ್ತಿತ್ತು."

ವ್ಯಾಪಾರಿ ಅಲ್ಲೇ ಹೊಸ್ತಿಲ ಹೊರಗೆ ಕೂತ. ಕೆಲವು ದಿನಗಳ ನಂತರ ಬೇಟೆಗಾರರ ಹಳ್ಳಿಯಿಂದ ನಾಯಿಯ ಗುಣ ಬಲ್ಲವನು ಬಂದ. ಅವನನ್ನು ಏನೂ ಕೇಳದೆ, ಊಟ ಹಾಕಿ ಕಳಿಸಿದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಮುರಿಗೆಯ್ಯನಿಗೆ ಮಗುವಿನ ಕೈ ನೆನೆದು ಸಂಕಟವಾಯಿತು. ಆದರೂ ಸಂಜೆಯ ಸಭೆ ಅವನ ತಲೆಯಿಂದ ಇಳಿದಿರಲಿಲ್ಲ. ತಳಿಯನ್ನು ದೂರಿದರೆ ಒಂದು ಕಡೆಯವರಿಗೆ ನೋವು, ಸಾಕಿದವನನ್ನು ದೂರಿದರೆ ಇನ್ನೊಂದು ಕಡೆಯವರಿಗೆ. ಕತೆಯಲ್ಲಿ ಯಾವ ಪಂಗಡಕ್ಕೂ ಗೆಲುವು ಸಿಕ್ಕಿರಲಿಲ್ಲ.

"ಹಾಗಾದರೆ ಸಂಜೆ ನಾನು ಯಾರ ಪರವಾಗಿ ಮಾತಾಡಲಿ, ಗುರುಗಳೇ?" ಎಂದು ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು:

"ಬೆಳಗ್ಗೆ ಆ ಶ್ರೀಮಂತನ ಮನೆಯ ಮುಂದೆಯೇ ಹಾದು ಬಂದೆಯಲ್ಲ, ಅದರ ಬಾಗಿಲು ಹಾಕಿತ್ತೋ, ತೆರೆದಿತ್ತೋ?"