ಜೀರಿಗೆ ಎಂಬ ಮುದಿ ಇಲಿ

ಹೊಳೆಯ ದಂಡೆಯಲ್ಲಿದ್ದ ಒಂದು ಸಣ್ಣ ಆಶ್ರಮದಲ್ಲಿ ಮುಕ್ತಾತಾಯಿ ಎಂಬ ಗುರುಗಳಿದ್ದರು. ಅವರ ಹತ್ತಿರ ಕಲಿಯಬೇಕೆಂದು ಸೂಗಯ್ಯ ಬಂದ. ನಲವತ್ತು ದಾಟಿದವನು. ಡಾಕ್ಟರೊಬ್ಬರ ಬಳಿ ಹದಿನೈದು ವರ್ಷ ಕಾಂಪೌಂಡರ್ ಆಗಿದ್ದು, ಆ ಕೆಲಸ ಬಿಟ್ಟು, ಊರನ್ನೂ ಬಿಟ್ಟು ಬಂದಿದ್ದ.

ಏನು ಕಲಿಯಬೇಕು ಎಂದು ತಾಯಿ ಕೇಳಿದರು. ಸುಮ್ಮನೆ ಕೂರುವುದನ್ನು ಕಲಿಯಬೇಕು ಎಂದ.

ತಾಯಿ ಅವನನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ಹಲಗೆಯ ಮೇಲೆ ಒಂದು ಮರದ ಪೆಟ್ಟಿಗೆ ಇತ್ತು. ಅದರೊಳಗೆ ಬಿಳಿ ಇಲಿಯೊಂದು ಮುದುಡಿ ಮಲಗಿತ್ತು. ಮರಿಯಾಗಿದ್ದಾಗ ಯಾರೋ ಅದನ್ನು ಆಶ್ರಮದ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ತಾಯಿ ಜೀರಿಗೆ ಎಂದು ಹೆಸರಿಟ್ಟು ಸಾಕಿದ್ದರು. ಈಗ ಅದಕ್ಕೆ ಎರಡೂವರೆ ವರ್ಷ. ಇಲಿಯ ಆಯುಸ್ಸಿಗೆ ಅದು ಹಣ್ಣುಹಣ್ಣು ಮುಪ್ಪು.

"ಇವಳನ್ನು ನೋಡಿಕೋ," ಎಂದರು ತಾಯಿ.

ನಾಲ್ಕು ದಿನದ ಮಾತಿರಬೇಕು ಎಂದುಕೊಂಡ ಸೂಗಯ್ಯ. ತಿಂಗಳು ಕಳೆದರೂ ಬೇರೆ ಯಾವ ಕೆಲಸವನ್ನೂ ಅವರು ಹೇಳಲಿಲ್ಲ. ಕೊನೆಗೆ ಅವನೇ ಕೇಳಿದ.

"ಬೇರೆ ಆಶ್ರಮಗಳಲ್ಲಿ ಹಸು ಸಾಕುತ್ತಾರೆ. ನಮ್ಮಲ್ಲಿ ಇಲಿ ಯಾಕೆ ತಾಯಿ?"

"ಬಂದದ್ದು ಇಲಿ," ಎಂದರು ತಾಯಿ.

ಜೀರಿಗೆಗೆ ಎದೆಯ ಕಾಯಿಲೆ. ಉಸಿರಾಡಿದರೆ ಗೊರಗೊರ ಸದ್ದು. ಒಂದು ಬೆಳಿಗ್ಗೆ ಅದರ ಮೂಗು, ಕಣ್ಣುಗಳ ಸುತ್ತ ಕೆಂಪಗೆ ಒಸರಿದ್ದನ್ನು ನೋಡಿ ಸೂಗಯ್ಯ ಬೆದರಿದ. ರಕ್ತವೇ ಇರಬೇಕೆಂದು ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ಸು ಹತ್ತಿ ಪಶುವೈದ್ಯರ ಹತ್ತಿರ ಹೋದ. ಅದು ರಕ್ತವಲ್ಲ, ಮೈಗೆ ಹುಷಾರಿಲ್ಲದಾಗ ಇಲಿಗಳಿಗೆ ಹಾಗೆ ಕೆಂಪು ನೀರು ಒಸರುತ್ತದೆ ಎಂದು ಅವರು ವಿವರಿಸಿದರು. ಔಷಧದ ಹನಿ ಬರೆದುಕೊಟ್ಟರು. ಹಾಸಿಗೆಗೆ ಮರದ ಹೊಟ್ಟು ಬೇಡ, ಅದರ ಧೂಳು ಎದೆಗೆ ಆಗುವುದಿಲ್ಲ, ಹಳೇ ಬಟ್ಟೆ ಹಾಸಿ ಎಂದರು. ಹೊರಡುವಾಗ ಇನ್ನೊಂದು ಮಾತೂ ಹೇಳಿದರು. ಈ ಕಾಯಿಲೆ ಹೋಗುವುದಿಲ್ಲ. ಇರುವಷ್ಟು ದಿನ ಸ್ವಲ್ಪ ಸಲೀಸಾಗಿ ಇರುವಂತೆ ನೋಡಿಕೊಳ್ಳಬಹುದು, ಅಷ್ಟೆ.

ಸೂಗಯ್ಯ ಕೆಲಸ ಬಲ್ಲವನು. ಹೊತ್ತುಹೊತ್ತಿಗೆ ಹನಿ ಹಾಕಿದ. ಹಳೇ ಪಂಚೆಗಳನ್ನು ಹರಿದು ಹಾಸಿದ, ದಿನಕ್ಕೆ ನಾಲ್ಕು ಸಲ ಬದಲಿಸಿದ. ಒದ್ದೆ ಹತ್ತಿಯಿಂದ ಕಣ್ಣು ಒರೆಸಿದ. ಅವನ ಬೆರಳುಗಳಿಗೆ ಆತುರವೂ ಇರಲಿಲ್ಲ, ಅಳುಕೂ ಇರಲಿಲ್ಲ. ಇಲಿ ಅವನ ಅಂಗೈಯಲ್ಲಿ ಮೈ ಸಡಿಲ ಬಿಟ್ಟು ಮಲಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಜೀರಿಗೆಯ ಹಿಂಗಾಲುಗಳು ಸೋತವು. ಹಲಗೆಗೆ ಒರಗಿಸಿದ್ದ ಸಣ್ಣ ಏಣಿ ಹತ್ತಲು ಹೋಗಿ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು. ಸೂಗಯ್ಯ ಅದರ ಕಾಲುಗಳಿಗೆ ಎಣ್ಣೆ ತಿಕ್ಕಿದ. ಬೆಳಿಗ್ಗೆ ಸಂಜೆ ಏಣಿಯ ಮೇಲಿಟ್ಟು, ಹಿಂದಿನಿಂದ ಬೆರಳು ಆನಿಸಿ, ಹತ್ತುವ ಅಭ್ಯಾಸ ಮಾಡಿಸಿದ. ಹದಿನೈದು ದಿನ ಬಿಡದೆ ಮಾಡಿಸಿದ. ಹದಿನಾರನೆಯ ದಿನವೂ ಅದು ಜಾರಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿ ಒಳಗೆ ಬಂದರು. ಏಣಿಯನ್ನು ತೆಗೆದು ಹೊರಗಿಟ್ಟರು. ಹಲಗೆಯ ಮೇಲಿನ ಪೆಟ್ಟಿಗೆಯನ್ನು ಇಳಿಸಿ ನೆಲದ ಮೇಲಿಟ್ಟರು. ಜೀರಿಗೆ ಮುಂಗಾಲು ಊರಿ, ಹಿಂದಿನ ಮೈಯನ್ನು ಎಳೆದುಕೊಂಡು, ತಾನೇ ಒಳಗೆ ಹೋಗಿ ಮಲಗಿತು.

"ಈಗ ಇವಳ ಕಾಲು ಸಾಕಾಗುತ್ತದೆ," ಎಂದರು ತಾಯಿ.

ಆಮೇಲೆ ಕೆಲಸ ಹೆಚ್ಚಿತು. ಹಿಂಗಾಲು ಬಿದ್ದುಹೋದ ಇಲಿ ತನ್ನ ಮೈಯನ್ನು ತಾನು ಶುಚಿ ಮಾಡಿಕೊಳ್ಳಲಾರದು. ಸೂಗಯ್ಯ ಬೆಚ್ಚನೆಯ ನೀರಲ್ಲಿ ಅದರ ಹಿಂಭಾಗ ತೊಳೆದು, ಒರೆಸಿ, ಬಿಸಿಲಿಗೆ ಹಿಡಿಯುತ್ತಿದ್ದ. ಗಟ್ಟಿ ಕಾಳು ಕಡಿಯಲಾಗದೆ ಹೋದಾಗ ಹೆಸರುಬೇಳೆ ಹಾಕಿ ಅಕ್ಕಿ ಗಂಜಿ ಮಾಡಿ ಚಮಚದಲ್ಲಿ ನೆಕ್ಕಿಸುತ್ತಿದ್ದ. ಧ್ಯಾನಕ್ಕೆಂದು ಕೂತರೆ ಕಿವಿ ಮಾತ್ರ ಆ ಗೊರಗೊರ ಸದ್ದಿನ ಕಡೆಗೇ ಇರುತ್ತಿತ್ತು. ಸದ್ದು ಜೋರಾದರೆ ಎದ್ದು ಹೋಗುತ್ತಿದ್ದ. ಸದ್ದು ನಿಂತರೂ ಎದ್ದು ಹೋಗುತ್ತಿದ್ದ.

ಆ ಚಳಿಗಾಲ ಆಶ್ರಮಕ್ಕೆ ಒಬ್ಬ ದೊಡ್ಡ ವಿದ್ವಾಂಸರು ಬಂದರು. ಮೂರು ದಿನ ಹೊಳೆಯ ಮೆಟ್ಟಿಲುಗಳ ಮೇಲೆ ಪ್ರವಚನ. ಸೂಗಯ್ಯ ಇದಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದ. ಮೊದಲನೆಯ ದಿನ ಅರ್ಧಕ್ಕೆ ಎದ್ದು ಬರಬೇಕಾಯಿತು. ಎರಡನೆಯ ದಿನ ಹೋಗುವುದಕ್ಕೇ ಆಗಲಿಲ್ಲ. ಮೂರನೆಯ ದಿನ ಬೇಗ ಎದ್ದು ಎಲ್ಲ ಮುಗಿಸಿ, ಮಡಿ ಬಟ್ಟೆ ಉಟ್ಟು ಹೊರಟವನು, ಕೊನೆಗೊಮ್ಮೆ ಪೆಟ್ಟಿಗೆಯೊಳಗೆ ಇಣುಕಿದ.

ಜೀರಿಗೆ ನೀರಿನ ಬಟ್ಟಲಿಗೆ ಬಿದ್ದು ಪೂರ್ತಿ ತೊಯ್ದಿತ್ತು. ಮೈಯೆಲ್ಲ ಗಲೀಜು. ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು.

ಸೂಗಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಇದು ಸತ್ತಾದರೂ ಹೋಗಬಾರದೇ ಎಂದು ಅವನ ಮನಸ್ಸು ಅಂದಿತು. ಅಷ್ಟು ಸ್ಪಷ್ಟವಾಗಿ, ಅಷ್ಟೇ ಮಾತುಗಳಲ್ಲಿ.

ಆ ಮಾತು ಅವನಿಗೆ ಹೊಸದಾಗಿರಲಿಲ್ಲ.

ಮಡಿ ಬಟ್ಟೆಯಲ್ಲೇ ಒಲೆ ಹಚ್ಚಿದ. ಮಧ್ಯಾಹ್ನ ಹೊಳೆಯ ಕಡೆಯಿಂದ ಮಂಗಳಾರತಿಯ ಹಾಡು ಕೇಳಿಸಿತು. ವಿದ್ವಾಂಸರು ಊಟ ಮುಗಿಸಿ ಹೊರಟು ಹೋದರು.

ಅದಾದ ಮೇಲೆ ಜೀರಿಗೆ ಹದಿನೆಂಟು ದಿನ ಇತ್ತು. ಒಂದು ದಿನ ಬಿಸಿಲೇರಿದ ಹೊತ್ತಿನಲ್ಲಿ, ಸೂಗಯ್ಯನ ತೊಡೆಯ ಮೇಲಿನ ಬಟ್ಟೆಯಲ್ಲಿ ಮಲಗಿದ್ದ ಹಾಗೆಯೇ ಅದರ ಉಸಿರು ನಿಂತಿತು. ಅವನು ಹೊಂಗೆ ಮರದ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದ. ಪೆಟ್ಟಿಗೆ ತೊಳೆದು ಬಿಸಿಲಿಗಿಟ್ಟ. ಸಂಜೆ ಧ್ಯಾನಕ್ಕೆ ಕೂತ. ಯಾವ ಸದ್ದೂ ಇರಲಿಲ್ಲ. ಎದೆಯಿಂದ ಒಂದು ಭಾರ ಇಳಿದಂತಾಯಿತು. ಹಾಗೆ ಇಳಿದದ್ದಕ್ಕೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಆಶ್ರಮಕ್ಕೆ ಬಂದು ಹೋಗುವವರೆಲ್ಲ ಅವನನ್ನು ಹೊಗಳಿದರು. ಒಂದು ಇಲಿಗೆ ಇಷ್ಟು ಸೇವೆ ಮಾಡಿದವರನ್ನು ಕಂಡಿಲ್ಲ ಎಂದರು. ಒಬ್ಬ ಮುದುಕರು ಅವನ ಕಾಲು ಮುಟ್ಟಲು ಬಗ್ಗಿದರು. ಅವನು ಹಿಂದೆ ಸರಿದು ಕೋಣೆ ಸೇರಿಕೊಂಡ. ಅಲ್ಲಿಂದ ಮೂರು ದಿನ ಯಾರ ಕಣ್ಣಿಗೂ ಬೀಳದಂತೆ ಓಡಾಡಿದ.

ನಾಲ್ಕನೆಯ ದಿನ ತಾಯಿ ಕರೆಸಿದರು. ಬರುವ ಹುಣ್ಣಿಮೆಗೆ ದೀಕ್ಷೆ ಕೊಡುತ್ತೇನೆ, ಸಿದ್ಧವಾಗು ಎಂದರು. ಅವರು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಸೂಗಯ್ಯ ಬೇಡವೆಂದ. ತಾನು ಅದಕ್ಕೆ ತಕ್ಕವನಲ್ಲ, ನಾಳೆಯೇ ಹೊರಟು ಹೋಗುತ್ತೇನೆ ಎಂದ. ಯಾಕೆ ಎಂದು ತಾಯಿ ಕೇಳಲಿಲ್ಲ. ಕಾಯಿ ಸುಲಿಯುತ್ತಲೇ ಇದ್ದರು. ಅವನೇ ಹೇಳಿದ.

"ಅದು ಸಾಯಲಿ ಅಂತ ಬಯಸಿದ್ದೆ ತಾಯಿ."

"ಯಾವತ್ತು?"

"ಪ್ರವಚನದ ಕೊನೇ ದಿನ. ನೀರಲ್ಲಿ ಬಿದ್ದು ಒದ್ದಾಡುತ್ತಿತ್ತು. ನೋಡುತ್ತ ನಿಂತು ಬಯಸಿದೆ."

"ಬಯಸಿ ಏನು ಮಾಡಿದೆ?"

"ನೀರು ಕಾಯಿಸಿದೆ. ಮೈ ತೊಳೆದೆ. ಶಾಖ ಕೊಟ್ಟೆ. ಗಂಜಿ ಕೊಟ್ಟೆ."

"ತಿಂದಳೋ?"

"ಮೂರು ಚಮಚ ತಿಂದಳು."

"ಅವಳಿಗೆ ಮುಟ್ಟಿದ್ದು ಗಂಜಿ," ಎಂದರು ತಾಯಿ.

ಸೂಗಯ್ಯ ತಲೆ ತಗ್ಗಿಸಿ ಕೂತ. ತಾಯಿ ಒಂದಷ್ಟು ಕಾಯಿಗಳನ್ನು ಅವನ ಮುಂದೆ ಸರಿಸಿದರು. ಅವನೂ ಸುಲಿಯತೊಡಗಿದ. ಹಾಗೆ ಸುಲಿಯುತ್ತ, ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದ.

ಅವನ ಅಪ್ಪ ಪಾರ್ಶ್ವವಾಯು ಬಡಿದು ಆರು ವರ್ಷ ಹಾಸಿಗೆ ಹಿಡಿದಿದ್ದರು. ತೊಳೆಯುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಎಲ್ಲ ಅವನದೇ. ಮದುವೆಯ ಮಾತು ಬಂದು ಬಂದು ನಿಂತುಹೋಯಿತು. ಐದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಆಗಷ್ಟೇ ಹಾಸಿದ ಚಾದರವನ್ನು ಅಪ್ಪ ಮತ್ತೆ ಒದ್ದೆ ಮಾಡಿದಾಗ, ಅವನ ಮನಸ್ಸು ಇದೇ ಮಾತನ್ನು ಅಂದಿತ್ತು. ಆಮೇಲೆ ಅದು ಆಗಾಗ ಅನ್ನತೊಡಗಿತು. ಅಪ್ಪ ತೀರಿಕೊಂಡ ದಿನವೂ ಅಂದಿತ್ತು. ಊರವರು ಮಗ ಅಂದರೆ ಹೀಗಿರಬೇಕು ಎಂದು ಸಿಕ್ಕಸಿಕ್ಕಲ್ಲಿ ಹೊಗಳಿದರು. ಆ ಹೊಗಳಿಕೆಯನ್ನು ತಡೆಯಲಾರದೆ ಅವನು ಊರು ಬಿಟ್ಟಿದ್ದ.

"ಚಾದರ ಒದ್ದೆಯಾದ ಆ ಬೆಳಿಗ್ಗೆ ಅಪ್ಪನ ಕಣ್ಣು ನನ್ನನ್ನೇ ನೋಡುತ್ತಿತ್ತು ತಾಯಿ. ಅವರಿಗೆ ಗೊತ್ತಾಗಿತ್ತೋ ಏನೋ."

ತಾಯಿಯ ಕೈ ಮೊದಲ ಸಲ ನಿಂತಿತು. ಅವರು ಅವನನ್ನು ನೋಡಿದರು.

"ಆ ದಿನ ಅವರಿಗೆ ಏನು ಉಣಿಸಿದೆ, ಸೂಗಯ್ಯ?"