ಪಿನ್ನು ಮುರಿಯದ ಉಸ್ತಾದರು

"ನನ್ನ ಕೈಯಲ್ಲಿ ಇವತ್ತಿನ ತನಕ ಒಂದೇ ಒಂದು ಪಿನ್ನು ಮುರಿದಿಲ್ಲ" ಎಂದರು ಖಾಸಿಂ ಉಸ್ತಾದರು.

ಅಲ್ಲ ಎನ್ನುವವರು ಯಾರಿದ್ದರು? ವಿದ್ಯೆ ಕಲಿಸಿದ ದೊಡ್ಡ ಉಸ್ತಾದರು ಮಣ್ಣು ಸೇರಿ ಯಾವ ಕಾಲವಾಯಿತೋ. ಜೊತೆಗೆ ಕಲಿತವರೂ ಈಗಿಲ್ಲ. ಉಳಿದದ್ದು ಎದುರಿಗೆ ಹರಿಯುವ ಹೊಳೆಯೊಂದೇ. ಅದು ಸಾಕ್ಷಿ ಹೇಳುವುದಿಲ್ಲ.

ಹೊಳೆದಂಡೆಯ ತಗಡಿನ ಶೆಡ್ಡಿನಲ್ಲಿ ಉಸ್ತಾದರು ಕಾಸು ಹಾಕಿ ಆಡುವ ಹಳೇ ವೀಡಿಯೋ ಗೇಮ್ ಪೆಟ್ಟಿಗೆಗಳನ್ನೂ ಅವುಗಳ ಒಳಗಿನ ಪಿನ್ನು ಸಾಲಿನ ಬೋರ್ಡುಗಳನ್ನೂ ರಿಪೇರಿ ಮಾಡುತ್ತಿದ್ದರು. ಹಾಲಮ್ಮ ಅವರ ಶಿಷ್ಯೆ. ಹೊಲಿಗೆ ಕೆಲಸ ಬಿಟ್ಟು ಈ ವಿದ್ಯೆಗೆ ಬಂದವಳು.

"ದೊಡ್ಡ ಉಸ್ತಾದರ ಕಾನೂನು ಗೊತ್ತೇನಮ್ಮ ನಿನಗೆ?"

"ಹೇಳಿ ಉಸ್ತಾದ್."

"ಪಿನ್ನು ಮುರಿದವನನ್ನು ಎತ್ತಿ ಹೊಳೆಗೆ ಎಸೆಯೋರು. ಬಟ್ಟೆ ಸಮೇತ. ಕಿಸೆಯಲ್ಲಿ ಬೀಡಿ ಇದ್ದರೆ ಬೀಡಿ ಸಮೇತ."

"ಆಮೇಲೆ?"

"ಆಮೇಲೆ ಏನು, ಮೀನಿಗೆ ಊಟ. ಈ ಹೊಳೆಯ ಮೀನು ಸುಟ್ಟರೆ ಇವತ್ತಿಗೂ ಬೆಸುಗೆಯ ವಾಸನೆ ಬರುತ್ತೆ. ಬೇಕಾದರೆ ಸುಟ್ಟು ನೋಡು."

ಹಾಲಮ್ಮ ನಕ್ಕಳು. ಒಳಗೆ ಮಾತ್ರ ಅಳುಕು. ಅವಳಿಗೆ ಈಜು ಬರುತ್ತಿರಲಿಲ್ಲ.

ಉಸ್ತಾದರ ಈಜು ಬೇರೆಯೇ ಮಾತು. ಆ ವಯಸ್ಸಿನಲ್ಲೂ ದಿನಾ ಬೆಳಗಾದರೆ ಆಚೆ ದಡ ಮುಟ್ಟಿ ಬರುತ್ತಿದ್ದರು. "ನಾನು ಇಳಿದೆ ಅಂದರೆ ಮೊಸಳೆಗಳು ಮಕ್ಕಳನ್ನು ಕರಕೊಂಡು ಪಕ್ಕಕ್ಕೆ ಸರೀತಾವೆ" ಎನ್ನುತ್ತಾ ಟವೆಲ್ಲು ಹಿಂಡಿ ಬಾಗಿಲಿಗೆ ಹಾಕುತ್ತಿದ್ದರು.

ಅವತ್ತು ಒಂದು ಬೋರ್ಡು ಬಂತು. ಅದರ ಜೋಡಿ ಸೀಮೆಯಲ್ಲೇ ಇರಲಿಲ್ಲ. ಯಾರೋ ಅವಸರದಲ್ಲಿ ವೈರಿನ ಕನೆಕ್ಟರನ್ನು ಸೊಟ್ಟಗೆ ಒತ್ತಿದ್ದರು. ಸಾಲಾಗಿ ನಿಲ್ಲಬೇಕಾದ ಪಿನ್ನುಗಳು ಗಾಳಿಗೆ ಸಿಕ್ಕ ಜೋಳದ ದಂಟಿನ ಹಾಗೆ ಮಲಗಿಬಿಟ್ಟಿದ್ದವು.

ಉಸ್ತಾದರು ಪೆನ್ನಿನ ಖಾಲಿ ರೀಫಿಲ್ಲಿನ ತುಂಡೊಂದನ್ನು ಅವಳ ಕೈಗಿಟ್ಟರು.

"ಇದನ್ನು ಪಿನ್ನಿಗೆ ತೊಡಿಸು. ಮೆಲ್ಲಗೆ ಎತ್ತು. ಒಂದೇ ಸಲ. ಎದ್ದಷ್ಟು ಸಾಕು, ಕೈ ಬಿಡು."

ಹಾಲಮ್ಮ ಒಂದೊಂದನ್ನೇ ಎತ್ತಿ ನಿಲ್ಲಿಸಿದಳು. ಕೊನೆಯದು ಕೂದಲೆಳೆಯಷ್ಟು ಓರೆಯಾಗಿ ಕಂಡಿತು. ಹೊಲಿಗೆ ನೇರ ಬರದಿದ್ದರೆ ಬಿಚ್ಚಿ ಮತ್ತೆ ಹೊಲಿದು ಅಭ್ಯಾಸವಾದ ಕೈ, ಸುಮ್ಮನಿರಬೇಕಲ್ಲ. ಹಿಂದಕ್ಕೆ ಬಾಗಿಸಿದಳು. ಮತ್ತೆ ಎತ್ತಿದಳು. ಇನ್ನೊಂದು ಚೂರು ಬಾಗಿಸಿದಳು.

ಟಕ್.

ಹಾಲಮ್ಮ ಬುತ್ತಿಯ ಡಬ್ಬಿ ಎತ್ತಿಕೊಂಡು ಎದ್ದಳು.

"ಎಲ್ಲಿಗೆ?"

"ಮನೆಗೆ. ನೀವು ಹೊಳೆಗೆ ಎಸೆಯೋದಕ್ಕೆ ಮೊದಲು ನಾನೇ ಹೊರಡ್ತೀನಿ. ಮುರಿಯೋ ಕೈಗೆ ಹೇಳಿದ ಕೆಲಸ ಅಲ್ಲ ಇದು."

"ಮನೆಗೆ ಹೋಗಿ?"

"ಅದೇ ತಿಳೀತಿಲ್ಲ. ಹೊಲಿಗೆ ಮಷೀನು ತಂಗಿಗೆ ಕೊಟ್ಟು ಬಂದೆ. ಯಾವ ಮುಖ ಇಟ್ಟುಕೊಂಡು ವಾಪಸ್ ಕೇಳಲಿ?"

"ಮುಖದ ವಿಚಾರ ಆಮೇಲೆ. ಕೂತ್ಕೋ."

ಉಸ್ತಾದರು ಕಣ್ಣು ಹಾಯಿಸದೆಯೇ ಸ್ಟೂಲಿನ ಕೆಳಗೆ ಕೈ ಹಾಕಿ ತುಕ್ಕು ಹಿಡಿದ ಒಂದು ಡಬ್ಬಿ ತೆಗೆದರು. ಸತ್ತ ಬೋರ್ಡುಗಳಿಂದ ಕಿತ್ತ ಪಿನ್ನುಗಳು ಅದರ ತುಂಬ.

"ಬೋರ್ಡು ಮಗುಚು. ಮುರಿದ ಪಿನ್ನಿನ ಮೊಂಡು ಉಳಿದಿದೆಯಲ್ಲ, ಅದರ ಬುಡಕ್ಕೆ ಬೆಸುಗೆ ಕಡ್ಡಿಯಿಂದ ಕಾವು ಕೊಡು. ಈಗ ನಿನ್ನ ಕೈ ನಡುಗುತ್ತೆ. ಉಸಿರು ಬಿಡು."

ಹಾಲಮ್ಮ ಬೋರ್ಡು ಮಗುಚಿ ಕಾವು ಕೊಟ್ಟಳು. ಉಸಿರು ಬಿಟ್ಟಳು.

"ಈಗ ಚಿಮಟದಲ್ಲಿ ಹಿಡಿ. ಬರಲ್ಲ ಅನ್ನಿಸುತ್ತೆ, ಎಳೆದುಬಿಡೋಣ ಅನ್ನಿಸುತ್ತೆ. ಎಳೀಬೇಡ. ಎಳೆದರೆ ಅಡಿಯ ತಾಮ್ರವೂ ಎದ್ದು ಬರುತ್ತೆ. ಬೆಸುಗೆಯ ಸೀಸ ಕರಗಲಿ, ಅದೇ ಬಿಡುತ್ತೆ."

ಬಿಟ್ಟಿತು.

"ತೂತಿಗೆ ಬಿದಿರು ಕಡ್ಡಿ ಆಡಿಸು. ಈಗ ಅಳು ಬಂದ ಹಾಗಾಗುತ್ತೆ. ಬರಲಿ. ಬೋರ್ಡಿನ ಮೇಲೆ ಮಾತ್ರ ಬೀಳಿಸಬೇಡ."

ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಳೇ ಪಿನ್ನೊಂದನ್ನು ತೂತಿಗೆ ಇಳಿಸಿ ಬೆಸೆದಳು. ಅದು ಒಂದು ಚೂರು ಓರೆಯಾಗಿಯೇ ನಿಂತಿತು. ಅವಳ ಬೆರಳು ತುರಿಸಿತು. ಉಸ್ತಾದರು ಕೆಮ್ಮಿದರು. ಬೆರಳು ಹಿಂದಕ್ಕೆ ಬಂತು.

ಕನೆಕ್ಟರು ಕೂಡಿಸಿ ಸ್ವಿಚ್ಚು ಒತ್ತಿದಾಗ ಪರದೆ ಬೆಳಗಿತು. ಅದರೊಳಗಿನ ಹಸಿರು ಹಕ್ಕಿ ಕುಂಯ್ ಎಂದು ಕೂಗಿ, ರೆಕ್ಕೆ ಬಡಿದು ಮೇಲೆದ್ದಿತು.

"ನಾಳೆ ಬೇಗ ಬಾ, ಇನ್ನೊಂದು ಬೋರ್ಡು ಬರುತ್ತೆ" ಎಂದರು ಉಸ್ತಾದರು.

ಹಾಲಮ್ಮ ಬುತ್ತಿಯ ಡಬ್ಬಿ ಕೆಳಗಿಟ್ಟಳು. ಬಾಗಿಲಲ್ಲಿ ಒಣಗುತ್ತಿದ್ದ ಟವೆಲ್ಲನ್ನು ನೋಡಿದಳು. ಆಮೇಲೆ ಉಸ್ತಾದರನ್ನು ನೋಡಿದಳು.

"ಉಸ್ತಾದ್, ನಿಮ್ಮ ಹುಟ್ಟೂರು ಯಾವುದು?"

"ಚಳ್ಳಕೆರೆ ಕಡೆ. ಯಾಕೆ?"

"ಅಲ್ಲಿ ಹೊಳೆ ಇದೆಯಾ?"

"ಹೊಳೆಯಾ! ಒಂದು ಬಿಂದಿಗೆ ನೀರಿಗೆ ಮೈಲಿ ನಡೀಬೇಕು. ನಮ್ಮೂರ ಕಪ್ಪೆಗಳು ಮಳೆ ನೋಡಿದರೆ ಹೆದರಿ ಮನೆಯೊಳಗೆ ಓಡಿ ಬರ್ತಿದ್ವು."

"ಹಾಗಾದರೆ ಇಲ್ಲಿ ಕೆಲಸ ಕಲಿಯೋಕೆ ಬಂದಾಗ ನಿಮಗೆ ಈಜು ಬರ್ತಿರಲಿಲ್ಲ."

"ಎಲ್ಲಿಂದ ಬರಬೇಕು!"

"ಮತ್ತೆ ಇಷ್ಟು ಚೆನ್ನಾಗಿ ಹೇಗೆ ಕಲಿತಿರಿ, ಉಸ್ತಾದ್?"

ಉಸ್ತಾದರು ಹೊಳೆಯ ಕಡೆ ನೋಡಿದರು. ಡಬ್ಬಿಯ ಮುಚ್ಚಳ ಹಾಕಿದರು. ಭುಜ ಹಾರಿಸಿದರು.

"ದೊಡ್ಡ ಉಸ್ತಾದರ ಕಾಲದಲ್ಲಿ ಹೊಳೆ ಅಂಗಡಿಗೆ ತೀರಾ ಹತ್ತಿರ ಇತ್ತಮ್ಮ."