ಗುರುಗಳ ಕಾಲಿನ ಕೆಂಪು ಗೆರೆ

ಮಲಪ್ರಭೆಯ ದಂಡೆಯ ಮಠದಲ್ಲಿ ಸೋಮವಾರ ಬೆಳಿಗ್ಗೆ ಗುರುಗಳ ಎಡಗಾಲಿನ ಮೇಲೆ ಬೆರಳುದ್ದದ ಕೆಂಪು ಗೆರೆಯೊಂದು ಪತ್ತೆಯಾಯಿತು. ಶಿಷ್ಯ ಭರಮಪ್ಪ ತಡಮಾಡದೆ ಸುದ್ದಿಯನ್ನು ಮಠಕ್ಕೆಲ್ಲ ಮುಟ್ಟಿಸಿದ. ಮಠದಲ್ಲಿದ್ದದ್ದು ಗುರುಗಳು, ಅವನು ಮತ್ತು ಒಂದು ಆಕಳು.

ಗುರು ಅಡವಯ್ಯನವರು ಸುತ್ತಲಿನ ಹಳ್ಳಿಗಳಿಗೆ ವೈದ್ಯರು. ಭರಮಪ್ಪ ಮೂರು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದ. ರೋಗಿಯನ್ನು ಮುಟ್ಟಲು ಅವನಿಗಿನ್ನೂ ಅಪ್ಪಣೆ ಸಿಕ್ಕಿರಲಿಲ್ಲ.

"ಮುಳ್ಳು ಗೀರಿ ರಕ್ತನಾಳ ಬಾತೈತಿ," ಎಂದರು ಗುರುಗಳು. "ಜ್ವರ ಇಲ್ಲ. ಬಂದರ ಪಟ್ಟಣದ ಡಾಕ್ಟರ ಕಡೆ ಹೋಗೋಣು. ಈಗ ಅರಿಶಿನ ಹಚ್ಚಿ ಬಟ್ಟಿ ಕಟ್ಟು. ನಿನ್ನ ಮೊದಲ ರೋಗಿ ನಾನು."

ಸಂಜೆಯ ಹೊತ್ತಿಗೆ ಗೆರೆ ಎರಡು ಬೆರಳು ಅಗಲವಾಗಿತ್ತು.

"ಎಷ್ಟು ಸಲ ಬಿಚ್ಚಿ ತಿಕ್ಕಿದಿ?"

"ಏಳು ಸಲರೀ ಅಜ್ಜಾರ. ಕಡಿಮಿ ಆತೇನು ಅಂತ ನೋಡಾಕ."

"ಆತೇನು?"

"ಇಲ್ಲರೀ. ಎಂಟನೇ ಸಲಕ್ಕ ಆಗಬಹುದು."

ಗುರುಗಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ಅವನ ಎರಡೂ ಮುಂಗೈಗಳನ್ನು ಸೇರಿಸಿ ಕಟ್ಟಿದರು.

"ಉಣ್ಣೋದು ಹೆಂಗರೀ?"

"ಬಾಯಿ ಕಟ್ಟಿಲ್ಲಲ್ಲ."

ರೊಟ್ಟಿ ಮುರಿದು ತಾವೇ ತಿನ್ನಿಸಿದರು.

"ಅಜ್ಜಾರ, ನಾ ಸುಮ್ಮನ ಕುಂತರ ಬಾವು ಇಳಿಸೋರು ಯಾರು?"

"ಗಾಯ ಆದಕೂಡಲೆ ಉರಿ ಎಬ್ಬಿಸೋ ಸತ್ವ ಓಡಿ ಬರತೈತಿ. ಉರಿ ಆರಿಸೋ ಸತ್ವಾನೂ ಇದ ಮೈಯಾಗ ಹುಟ್ಟತೈತಿ. ಅದು ಸಾವಕಾಶ ಬರತೈತಿ. ನೀ ತಿಕ್ಕಿದಾಗೊಮ್ಮೆ ಮೊದಲನೇದನ್ನ ಮತ್ತ ಕರದಂಗ."

ಭರಮಪ್ಪ ಅಗಿಯುವುದನ್ನು ನಿಲ್ಲಿಸಿದ. "ನಿಮಗೇನರ ಆದರ ನಾ ಎಲ್ಲಿಗೆ ಹೋಗ್ಲಿ ಅಂತ ತಿಕ್ಕಿದೆರೀ."

"ಗೊತ್ತೈತಿ. ಅದಕ್ಕ ರೊಟ್ಟಿಗೆ ಬೆಣ್ಣಿ ಹಚ್ಚೇನಿ. ಬಾಯಿ ತೆಗಿ."

ಮರುದಿನ ಬೆಳಿಗ್ಗೆ ಗುರುಗಳು ಅವನ ಕೈಯ ಕಟ್ಟು ಬಿಚ್ಚಿದರು. ಭರಮಪ್ಪ ಗುರುಗಳ ಕಾಲ ಬಳಿ ಬಂದ, ಬಗ್ಗಿ ನೋಡಿದ. ಆಮೇಲೆ ತಾನಾಗಿಯೇ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ. ಹಾಲು ಕರೆಯುವಾಗ ಮಾತ್ರ ತೆಗೆದ. ಬುಧವಾರವೂ ಹಾಗೆಯೇ ಕೂತ. ಗುರುವಾರ ಬೆವರಿದ, ಆದರೂ ಕೂತ.

ಭಾನುವಾರ ಗೆರೆ ಮಾಸಿತ್ತು. ಗುರುಗಳು ಹೊಳೆಯವರೆಗೆ ನಡೆದು ಬಂದರು.

ಭರಮಪ್ಪನ ಮುಖ ಸಣ್ಣದಾಗಿತ್ತು. "ಮೊದಲನೇ ರೋಗಿ. ನಾ ಏನೂ ಮಾಡಲಿಲ್ಲರೀ ಅಜ್ಜಾರ."

ಗುರುಗಳು ಕಾಲು ಒರೆಸಿಕೊಂಡರು.

"ನಾಳೆಯಿಂದ ಬಂದವರನ್ನ ನೀನ ನೋಡು."